ನೊಣದ ಬೆನ್ನಿನ ಗೆರೆ

ಬೊಂ ಸುಸೆಸ್ಸೊ, ಸಾವೊ ತೊಮೆ ದ್ವೀಪ
ಆಗಸ್ಟ್ 19, 2019, ಸೋಮವಾರ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ವಾರಕ್ಕೆ ಮೂರು ದಿನ ರಕ್ತ ತೊಳೆಯುವ ಆ ಯಂತ್ರಕ್ಕೆ ಕೈಯೊಡ್ಡಿ ಕೂತು ನಿನ್ನ ತೋಳು ಇನ್ನೂ ಊದಿಕೊಳ್ಳುತ್ತಿದೆಯೇ? ಲಿಸ್ಬನ್ನಿನಲ್ಲಿ ಈಗ ಬೇಸಿಗೆಯಂತೆ, ಆದರೂ ನೀನು ಸ್ವೆಟರ್ ಇಲ್ಲದೆ ಹೊರಡುವುದಿಲ್ಲವೆಂದು ಇಸಾಲ್ತಿನಾ ಅತ್ತೆ ಫೋನಿನಲ್ಲಿ ನಕ್ಕಳು. ನಗಲಿ ಬಿಡು. ನೀರು ಅಳತೆಯಲ್ಲಿ ಕುಡಿ. ಬಾಳೆಹಣ್ಣು ಕಂಡರೆ ಮುಖ ತಿರುಗಿಸು. ಒಂದೇ ಒಂದು ತಿಂದರೆ ಏನಾಗುತ್ತೆ ಅಂತ ಡಾಕ್ಟರ ಹತ್ತಿರ ವಾದ ಮಾಡಬೇಡ, ಆ ವಾದದಲ್ಲಿ ನೀನು ಗೆದ್ದರೂ ಸೋತಂತೆಯೇ.

ಮಾಯುಕಾ ಚಿಕ್ಕಮ್ಮ ನಿನಗೆ ಏನೇನು ಹೇಳಿದ್ದಾಳೋ ಗೊತ್ತಿಲ್ಲ. ಅವಳ ಅಂಗಡಿಯಲ್ಲಿ ಹುಟ್ಟಿದ ಸುದ್ದಿ ಬೆಟ್ಟ ಇಳಿಯುವಷ್ಟರಲ್ಲಿ ಎರಡು ಹೆಣ ಹೆಚ್ಚಾಗಿರುತ್ತದೆ. ಅಪ್ಪ ಬದುಕಿದ್ದಾನೆ. ನಾನು ಇದನ್ನು ಬರೆಯುತ್ತಿರುವಾಗ ಜಗಲಿಯಲ್ಲಿ ಕೂತು ಮತಬಾಲಾ ಗೆಡ್ಡೆ ಹೆರೆಯುತ್ತಿದ್ದಾನೆ. ಪಕ್ಕೆಲುಬು ನೋಯುತ್ತದೆ, ಮೈಯೆಲ್ಲ ತರಚಿದೆ, ಅಷ್ಟೇ. ಇಷ್ಟನ್ನು ಮೊದಲು ಓದಿಕೋ, ಉಸಿರು ಬಿಡು, ಆಮೇಲೆ ಮುಂದಕ್ಕೆ ಹೋಗು.

ಕ್ಯಾಮರೂನಿನಿಂದ ನಡೇಜ್ ಎಂಬ ಸಂಶೋಧಕಿ ಬಂದಿದ್ದಾಳೆಂದು ಹಿಂದೆಯೇ ಬರೆದಿದ್ದೆ. ನಮ್ಮ ಹೆಂಡದ ಮಡಕೆಗೂ ಕೊಳೆತ ಹಣ್ಣಿಗೂ ಮುತ್ತುವ ಹುಳಿನೊಣಗಳಲ್ಲಿ ಒಂದು ಕುಲಕ್ಕೆ ಹಣೆಯಿಂದ ಬೆನ್ನಿನವರೆಗೆ ಬಿಳಿ ಗೆರೆಗಳಿರುತ್ತವಲ್ಲ, ಅವಳಿಗೆ ಅವೇ ಬೇಕು. ಹಳಸಿದ ಬಾಳೆಹಣ್ಣು ತುಂಬಿದ ಬಾಟಲಿಗಳನ್ನು ಕಾಡಿನಲ್ಲಿ ತೂಗುಹಾಕುವುದು, ಸಿಕ್ಕ ನೊಣಗಳನ್ನು ಬಿಳಿ ತಟ್ಟೆಯ ಮೇಲೆ ಹರಡಿ ಗೆರೆ ನೋಡುವುದು, ಮುಂಗಾಲಿನ ಮುಳ್ಳು ನೋಡುವುದು. ಅಪ್ಪ ದಾರಿ ತೋರಿಸುವವನು, ನಾನು ಬಾಟಲಿಗೆ ಚೀಟಿ ಬರೆಯುವವಳು. ಈ ಕುಲದ ಹಿರೀಕರು ಏಷ್ಯಾದ ಕಡೆಯಿಂದ ಆಫ್ರಿಕಾಕ್ಕೆ ಬಂದಿರಬೇಕು, ಇಲ್ಲಿ ಬಂದಮೇಲೆ ಹತ್ತಾರು ಬಗೆಯಾಗಿ ಒಡೆದುಕೊಂಡರು, ಕೆಲವರು ಕಡಲು ದಾಟಿ ನಮ್ಮ ದ್ವೀಪಕ್ಕೂ ಬಂದರು ಎಂದು ಅವಳು ಊಟದ ಹೊತ್ತಿನಲ್ಲಿ ಹೇಳುತ್ತಿದ್ದಳು. ಒಂದೇ ಅಜ್ಜಿಯ ಮಕ್ಕಳಾದರೂ ಈಗ ಒಬ್ಬರನ್ನೊಬ್ಬರು ಕೂಡುವುದಿಲ್ಲವಂತೆ.

ಅಪ್ಪ ಸುಮ್ಮನಿರುತ್ತಾನೆಯೇ? "ನಮ್ಮದೂ ಅದೇ ಕತೆ ಕಣಮ್ಮ. ನಮ್ಮಜ್ಜನ್ನ ಕೋಕೋ ತೋಟಕ್ಕೆ ಅಂತ ಅಂಗೋಲಾದಿಂದ ಹಡಗಿಗೆ ಹತ್ತಿಸಿದ್ರು. ಅಲ್ಲೇ ಉಳಿದ ಅವನ ತಮ್ಮನ ಮೊಮ್ಮಗ ಈಗ ಎದುರಿಗೆ ಬಂದ್ರೆ ನಾನು ದಾರಿ ಬಿಡು ಅಂತೀನಿ, ಅವನು ನೀನ್ಯಾರೋ ಅಂತಾನೆ" ಎಂದ. ನಡೇಜ್ ನಕ್ಕು ನಕ್ಕು ಸುಸ್ತಾದಳು.

ಆದರೆ ಹೋದ ವಾರದಿಂದ ತಟ್ಟೆಯ ಮುಂದೆ ಅಪ್ಪ ತಪ್ಪು ಹೇಳತೊಡಗಿದ್ದ. ಗೆರೆಯಿಲ್ಲದ ನೊಣವನ್ನು ಗೆರೆಯದ್ದು ಎನ್ನುವನು, ಗೆರೆಯದ್ದನ್ನು ಪಕ್ಕಕ್ಕೆ ತಳ್ಳುವನು. "ತಮಾಷೆ ಸಾಕು ಮಾಮ" ಎಂದು ನಡೇಜ್ ಅನ್ನುವಳು, ಅವನೂ ನಗುವನು. ನಾನೂ ನಕ್ಕೆ ಅಮ್ಮಾ. ಅದೇ ಈಗ ಚುಚ್ಚುತ್ತಿದೆ.

ಶುಕ್ರವಾರ ಬೆಳಗ್ಗೆ ಲಗೋವಾ ಅಮೇಲಿಯಾದ ಅಂಚಿನ ಬಾಟಲಿಗಳನ್ನು ತರಲು ಹೋದೆವು. ಅದನ್ನು ಕೆರೆ ಅನ್ನುತ್ತೇವೆಯೇ ಹೊರತು ಅಲ್ಲಿ ನೀರು ಕಾಣುವುದಿಲ್ಲ, ಮೇಲೆ ಹಸಿರು ಚಾಪೆ, ಕೆಳಗೆ ಎಷ್ಟು ಆಳವೋ ಯಾರಿಗೂ ತಿಳಿಯದು. ಚಿಕ್ಕಂದಿನಲ್ಲಿ ನೀನು ನನ್ನ ಕಿವಿ ಹಿಡಿದು ಅಲ್ಲಿಂದ ಎಳೆದುಕೊಂಡು ಬಂದದ್ದು ನೆನಪಿದೆ. ಮಂಜು ಇಳಿದಿತ್ತು, ಆದರೂ ಹತ್ತು ಹೆಜ್ಜೆ ಮುಂದಿನ ಮರ ಕಾಣುತ್ತಿತ್ತು. ಅಪ್ಪ ಮುಂದೆ, ನಾನು ಚೀಟಿ ಬರೆಯುತ್ತಾ ಹಿಂದೆ, ನಡೇಜ್ ಕೊನೆಗೆ. ಮೂವತ್ತು ವರ್ಷ ನಡೆದ ದಾರಿ ಎಡಕ್ಕೆ ತಿರುಗುವಲ್ಲಿ ಅಪ್ಪ ನೇರವಾಗಿ ಹೋದ. ಹೊಸ ಬಾಟಲಿ ಕಟ್ಟಲು ಹೋಗುತ್ತಿದ್ದಾನೆ ಅಂದುಕೊಂಡೆ. ತಲೆ ಎತ್ತಿದಾಗ ಅವನ ಟೋಪಿ ಹುಲ್ಲಿನ ಮಟ್ಟಕ್ಕೆ ಬಂದಿತ್ತು.

ಕೂಗಲಿಲ್ಲ ಅವನು. "ತೀಲಾ, ನಿಂತ್ಕೋ. ಒಂದು ಹೆಜ್ಜೇನೂ ಇಡಬೇಡ" ಎಂದ, ಮಲಗಿದ ಮಗು ಏಳಬಾರದೆಂದು ಮಾತಾಡುವವನ ಹಾಗೆ. ನಾನು ಆಗಲೇ ಇಟ್ಟಿದ್ದೆ. ಕಾಲಡಿಯ ನೆಲ ಅಲೆಯಂತೆ ಬಾಗಿತು, ಆ ಅಲೆ ಹೋಗಿ ಅಪ್ಪನನ್ನು ಇನ್ನೊಂದು ಗೇಣು ಕೆಳಕ್ಕೆ ಎಳೆಯಿತು. ಅಮ್ಮಾ, ನನ್ನ ಹೆಜ್ಜೆಯೇ ಅವನನ್ನು ಮುಳುಗಿಸುತ್ತಿದೆ ಎಂದು ಕಣ್ಣಾರೆ ಕಂಡೆ. ಹೊಟ್ಟೆಯ ಮೇಲೆ ಬಿದ್ದುಕೊಂಡೆ. ನಡೇಜ್ ಗಟ್ಟಿನೆಲದಲ್ಲಿ ಮರದ ಬೇರಿಗೆ ಕಾಲು ಕೊಟ್ಟು ನನ್ನ ಪಾದ ಹಿಡಿದಳು. ನೊಣ ಹಿಡಿಯುವ ಬಲೆಯ ಉದ್ದ ಕೋಲನ್ನು ಮುಂದಕ್ಕೆ ಚಾಚಿದೆ. ಕೋಲು ಅವನ ಮೂಗಿನಿಂದ ಒಂದು ಮೊಳ ದೂರದಲ್ಲಿತ್ತು. ಅಪ್ಪ ಕೈಯನ್ನು ಗಾಳಿಯಲ್ಲಿ ಆಚೆ ಈಚೆ ತಡಕಾಡಿಸಿದ.

"ಇಲ್ಲೇ ಇದೆಯಲ್ಲಪ್ಪಾ, ಹಿಡ್ಕೋ!" ಎಂದು ಅರಚಿದೆ.

"ಕಾಣ್ತಿಲ್ಲ ಮಗಳೇ."

"ಮಂಜು ಅಷ್ಟೊಂದಿಲ್ಲ!"

"ಮಂಜಿಂದಲ್ಲ."

ಕೋಲಿನಿಂದ ಅವನ ಕೆನ್ನೆ ಮುಟ್ಟಿದೆ. ಆಗ ಹಿಡಿದುಕೊಂಡ. ಎಳೆದೆವು, ಕೈ ಸೋತಿತು, ಮತ್ತೆ ಎಳೆದೆವು. ನಡೇಜ್ ತನ್ನ ಭಾಷೆಯಲ್ಲಿ ದೇವರನ್ನು ಬೈಯುತ್ತಿದ್ದಳೋ ಬೇಡುತ್ತಿದ್ದಳೋ. ಕೆಸರು ಅವನನ್ನು ಬಿಟ್ಟಾಗ ಬಂದ ಸದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ.

ದಡದಲ್ಲಿ ಕೂತು ಕೇಳಿದೆ, ಯಾವಾಗಿನಿಂದ ಎಂದು. ನಿನ್ನನ್ನು ವಿಮಾನ ಹತ್ತಿಸಿದ ತಿಂಗಳಿನಿಂದಲಂತೆ. ದಾರಿಯನ್ನು ಪಾದದಿಂದ ನಡೆಯುತ್ತಿದ್ದ, ಮರಗಳನ್ನು ವಾಸನೆಯಿಂದ ಹೇಳುತ್ತಿದ್ದ. "ನಿಮ್ಮಮ್ಮನಿಗೆ ಹೇಳಿದ್ರೆ ಆ ಯಂತ್ರ ಬಿಟ್ಟು ಓಡಿ ಬರ್ತಾಳೆ. ಬಂದು ಎಷ್ಟು ದಿನ ಇರ್ತಾಳೆ, ನೀನೇ ಲೆಕ್ಕ ಹಾಕು" ಎಂದು ನನ್ನಿಂದ ಆಣೆ ಹಾಕಿಸಿಕೊಂಡ. ಆ ಆಣೆ ಈಗ ಮುರಿದೆ. ಮುಪ್ಪಿನ ಪೊರೆಯಿರಬಹುದು, ಪಟ್ಟಣದಲ್ಲಿ ತೋರಿಸುತ್ತೇನೆ, ನೀನು ಚಿಂತಿಸಬೇಡ. ಉಳಿದ ಬಾಟಲಿಗಳನ್ನು ನಿನ್ನೆ ನಾನೇ ಮುಂದೆ ನಡೆದು ತಂದೆ. ಪ್ರತಿ ಹೆಜ್ಜೆಗೂ ಮೊದಲು ಕೋಲು ಊರಿದೆ. ನಡೇಜ್ ಹಿಂದಿನಿಂದ ನನ್ನ ಅಂಗಿಯ ಚುಂಗು ಬಿಡಲೇ ಇಲ್ಲ.

ಅವಳು ನಾಳೆ ಲಿಸ್ಬನ್ ಮಾರ್ಗವಾಗಿ ಹೋಗುತ್ತಾಳೆ, ಪತ್ರವನ್ನೂ ಒಂದು ಪೊಟ್ಟಣ ಮಿಕೊಕೊ ಸೊಪ್ಪನ್ನೂ ನಿನ್ನ ಕೈಗೇ ಕೊಡುತ್ತಾಳೆ. ಸೊಪ್ಪನ್ನು ಡಾಕ್ಟರನ್ನು ಕೇಳದೆ ಕುದಿಸಬೇಡ, ಮೂಸಿ ನೋಡು ಸಾಕು. ಇಸಾಲ್ತಿನಾ ಅತ್ತೆಗೆ ನನ್ನ ನಮಸ್ಕಾರ. ನಿನ್ನ ಎರಡೂ ಕೈಗಳನ್ನು ನನ್ನ ತಲೆಯ ಮೇಲಿಟ್ಟುಕೊಂಡೆ ಅಂದುಕೋ, ಹರಸು.

ನಿನ್ನ ಮಗಳು,
ದೊಮಿತೀಲಿಯಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬರಲಿಲ್ಲ. ಶನಿವಾರವೇ ತೋರಿಸಿದೆ. ಹೊರಗಿನಿಂದ ಬಂದಿರುವ ಕಣ್ಣಿನ ಡಾಕ್ಟರು ಈ ವಾರವಷ್ಟೇ ಇರುತ್ತಾರೆ. ಎಡಗಣ್ಣು ಪೂರ್ತಿ ಹೋಗಿದೆ, ಇನ್ನು ಬರುವುದಿಲ್ಲ. ಗುರುವಾರ ಕೊಯ್ಯುವುದು ಬಲಗಣ್ಣನ್ನು, ಉಳಿದಿರುವ ಒಂದನ್ನು. ಸರಿಹೋಗದಿದ್ದರೆ ಈಗ ಕಾಣುವ ಬೆಳಕೂ ಹೋಗಬಹುದು ಎಂದರು. ಅಪ್ಪನಿಗೆ ಓದಲಾಗದ ಕಾಗದಕ್ಕೆ ನಾನು ಸಹಿ ಹಾಕಿದೆ. ಟಿಕೆಟ್ ಹುಡುಕಬೇಡ, ಯಂತ್ರ ಬಿಡಬೇಡ. ಶುಕ್ರವಾರ ಬೆಳಗ್ಗೆ ಹತ್ತಕ್ಕೆ ಮಾಯುಕಾ ಚಿಕ್ಕಮ್ಮನ ಅಂಗಡಿಗೆ ಫೋನ್ ಮಾಡು. ಅಪ್ಪ ಎತ್ತಿದರೆ ನಿನಗೆ ಏನೂ ಗೊತ್ತಿಲ್ಲದ ಹಾಗೆ ಮಾತಾಡು. ನಾನು ಎತ್ತಿದರೆ, ನಾನು ಮಾತಾಡುವವರೆಗೂ ಏನೂ ಕೇಳಬೇಡ ಅಮ್ಮಾ.