ಬೈದರೆ ಅಣ್ಣನೇ

ಕಾರ್ಖಾನೆಯ ಮಾಳಿಗೆ ಕೋಣೆ,
ಮಂಗಳವಾರ, ತಾರೀಕು ಹದಿನಾಲ್ಕು

ಪ್ರೀತಿಯ ಅಣ್ಣಾ,

ಮಂಡಿ ಹೇಗಿದೆ? ಮಗ್ಗುಲು ಬದಲಿಸಿದರೆ ಜೀವ ಹೋಗುತ್ತದೆ ಎಂದಿದ್ದೆಯಲ್ಲ, ಆಪರೇಷನ್ ಆಗುವವರೆಗೆ ಕಾಲಡಿ ಒಂದು ದಿಂಬು ಇಟ್ಟುಕೋ. ಪಕ್ಕದ ಹಾಸಿಗೆಯವರು ಎರಡೇ ದಿನಕ್ಕೆ ನಿನ್ನ ಜೊತೆ ಮಾತು ಬಿಟ್ಟರಂತೆ. ಚುರುಕಿನ ಮನುಷ್ಯ. ನಮಗೆ ಅರ್ಧ ಆಯುಸ್ಸು ಬೇಕಾಯಿತು.

ರಟ್ಟಿನ ಡಬ್ಬಿಗಳ ಕೆಲಸ ನಡೆಯುತ್ತಿದೆ. ಅಂಟಿನ ವಾಸನೆ ಮಾಳಿಗೆಯವರೆಗೂ ಬರುತ್ತದೆ, ಕತ್ತರಿಸುವ ಯಂತ್ರ ಎಂದಿನಂತೆ ಕೆಮ್ಮುತ್ತದೆ. ಹಣ ಹೋದದ್ದು ಹೇಗೆಂದು ಸೈಬರ್ ಠಾಣೆಯ ಅಧಿಕಾರಿ ಬಂದು ಬಿಡಿಸಿ ಹೇಳಿದರು. ಕಳ್ಳ ತಿಂಗಳುಗಟ್ಟಲೆ ನಿನ್ನ ಮೇಲ್ ಒಳಗೇ ಕೂತಿದ್ದನಂತೆ. ಎಲ್ಲದಕ್ಕೂ ಒಂದೇ ಪಾಸ್‌ವರ್ಡ್, ಅದೂ ನಿನ್ನ ಹೆಸರೇ. ನಿನ್ನ ಮೇಲೆ ನಿನಗಿರುವ ಪ್ರೀತಿ ನಮಗೆ ಗೊತ್ತಿತ್ತು, ಅವನಿಗೂ ಗೊತ್ತಾಯಿತು. ಒಬ್ಬರ ಶೈಲಿ ಕದಿಯಬೇಕಾದರೆ ಅವರನ್ನು ಸಾಲು ಸಾಲಾಗಿ, ಉಸಿರು ನಿಲ್ಲುವ ಜಾಗವನ್ನೂ ಗುರುತಿಸಿ ಓದಬೇಕು. ನಮ್ಮಲ್ಲಿ ಯಾರೂ ನಿನ್ನನ್ನು ಅಷ್ಟು ಅಕ್ಕರೆಯಿಂದ ಓದಿರಲಿಲ್ಲ. ಅವನು ಬರೆದದ್ದು ಇಷ್ಟು: ‘ಎಷ್ಟು ಸಲ ಹೇಳಬೇಕು? ಕಾಗದದ ರೀಲಿನವರ ಖಾತೆ ಬದಲಾಗಿದೆ. ಹೊಸದಕ್ಕೆ ಹಾಕು. ಫೋನ್ ಮಾಡಿ ತಲೆ ತಿನ್ನಬೇಡ.’ ಲೆಕ್ಕದ ಮೇಡಂ ಹಾಕಿದರು.

ಖಾತೆ ಬದಲಾದರೆ ಫೋನ್ ಮಾಡಿ ಕೇಳಬೇಕೆಂದು ಅವರಿಗೆ ಗೊತ್ತಿಲ್ಲದೆ ಇಲ್ಲ. ಹಿಂದೊಮ್ಮೆ ಕೇಳಿದ್ದರು. ನೀನು ಗಿರಾಕಿಗಳ ಮುಂದೆ ಸ್ಪೀಕರ್ ಹಾಕಿ, ಇವಳಿಗೆ ಯಾರಾದರೂ ಓದು ಕಲಿಸಿ ಎಂದು ನಗಿಸಿದೆ. ಆಮೇಲೆ ಅವರು ಮಾತ್ರವಲ್ಲ, ಈ ಕಟ್ಟಡದಲ್ಲಿ ಯಾರೂ ನಿನಗೆ ಏನನ್ನೂ ಎರಡನೆಯ ಸಲ ಕೇಳಿಲ್ಲ. ಇಷ್ಟು ದೊಡ್ಡ ಮೊತ್ತಕ್ಕೆ ಒಂದಿಷ್ಟೂ ಅನುಮಾನ ಬರಲಿಲ್ಲವಾ ಎಂದು ಅಧಿಕಾರಿ ಕೇಳಿದಾಗ ಮೇಡಂ ತಲೆ ತಗ್ಗಿಸಿಯೇ ಹೇಳಿದರು:

‘ಮರ್ಯಾದೆಯಿಂದ ಬರೆದಿದ್ದರೆ ಬರುತ್ತಿತ್ತು ಸಾರ್.’

ಅಧಿಕಾರಿ ಕೆಮ್ಮಿದಂತೆ ಮಾಡಿ ಕಿಟಕಿಯ ಕಡೆ ತಿರುಗಿದರು. ಅತ್ತಿಗೆ ನೇರವಾಗಿ ನಕ್ಕರು. ನಿನ್ನನ್ನು ಮದುವೆಯಾದ ಮೇಲೆ ಅವರ ಹಲ್ಲು ಕಂಡದ್ದು ನನಗೆ ಅಂದೇ.

ಇಷ್ಟೆಲ್ಲ ಗೊತ್ತಾದ ಸಂಜೆಯೇ ನೀನು ಆಸ್ಪತ್ರೆಯಿಂದ ಫೋನ್ ಮಾಡಿ, ಎಲ್ಲರೂ ಕೇಳುವ ಹಾಗೆ ಮೇಡಂಗೆ ‘ನಿನ್ನ ಪಾಲಿಗೆ ಎಷ್ಟು ಬಂತು?’ ಎಂದೆ. ಅವರು ತಿನ್ನದ ಊಟದ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು, ಕುರ್ಚಿಯನ್ನು ಮೇಜಿನೊಳಗೆ ತಳ್ಳಿ, ಮೆಟ್ಟಿಲಿಳಿದು ಹೋದರು. ಅವರ ಹೆಸರನ್ನು ದೂರಿನಲ್ಲಿ ಸೇರಿಸು ಎಂದು ನನಗೆ ಅಪ್ಪಣೆ ಮಾಡಿದ್ದೆಯಲ್ಲ, ಸೇರಿಸಲಿಲ್ಲ. ನಾನೂ ಅತ್ತಿಗೆಯೂ ಅವರ ಮನೆ ಬಾಗಿಲಲ್ಲಿ ನಿಂತು, ವಾಪಸ್ಸು ಬನ್ನಿ ಎಂದು ಬೇಡಿಕೊಂಡು ಕರೆತಂದೆವು. ಕಾರ್ಖಾನೆಯ ಹೆಚ್ಚಿನ ಪಾಲು ಅತ್ತಿಗೆಯ ಹೆಸರಲ್ಲಿದೆ ಎನ್ನುವುದನ್ನು ನೀನು ಮರೆತಿದ್ದೆ, ಅವರು ಮರೆತಿರಲಿಲ್ಲ.

ಈಗ ಹೊಸ ಕ್ರಮ ಬಂದಿದೆ. ಯಾರೇ ಹಣ ಕೇಳಲಿ, ಮೇಡಂ ತಾವೇ ಫೋನ್ ಮಾಡುತ್ತಾರೆ. ಯಾರಿಗೆ, ಯಾಕೆ, ಯಾವ ಖಾತೆಗೆ ಎಂದು ಕೇಳುತ್ತಾರೆ. ಎದುರಿಗಿರುವವರು ಸಮಾಧಾನವಾಗಿ ಹೇಳಬೇಕು. ಅವಸರ ಮಾಡಿದರೆ, ಗದರಿದರೆ ಅಲ್ಲಿಗೇ ನಿಲ್ಲಿಸುವುದು. ಈಗ ದನಿಯನ್ನೂ ನಕಲು ಮಾಡುತ್ತಾರಂತೆ, ಆದ್ದರಿಂದ ದನಿ ಗುರುತು ಸಿಕ್ಕಿತು ಎನ್ನುವುದು ಲೆಕ್ಕಕ್ಕಿಲ್ಲ.

ಔಷಧಿ ತಪ್ಪಿಸಬೇಡ. ನರ್ಸ್‌ಗಳ ಮೇಲೆ ಕೂಗಾಡಬೇಡ, ಸೂಜಿ ಅವರ ಕೈಯಲ್ಲಿರುತ್ತದೆ. ಇಲ್ಲಿ ಎಲ್ಲರೂ ಕೇಳಿದ್ದೇವೆಂದು ತಿಳಿಸಲು ಹೇಳಿದರು, ಮೇಡಂ ಒಬ್ಬರನ್ನು ಬಿಟ್ಟು.

ನಿನ್ನ ಒಳಿತನ್ನೇ ಬಯಸುವ,
ತಂಗಿ

ಮರೆತಿದ್ದೆ: ‘ಆಪರೇಷನ್ ಹಣ ಈಗಲೇ ಹಾಕು, ಫೋನ್ ಮಾಡಬೇಡ’ ಎಂದು ನಿನ್ನೆ ನಿನ್ನ ಹೆಸರಿನಲ್ಲಿ ಒಂದು ಸಂದೇಶ ಬಂತು. ಮೇಡಂ ಕ್ರಮದಂತೆ ನಿನ್ನ ನಂಬರಿಗೇ ಫೋನ್ ಮಾಡಿದರು. ಆ ಕಡೆಯವನು ಅವರ ಅಪ್ಪ ಅಮ್ಮನನ್ನೆಲ್ಲ ಎಳೆದು ಬೈದನಂತೆ. ಮೋಸ ಎಂದು ತಡೆಹಿಡಿದಿದ್ದೇವೆ. ಅಕಸ್ಮಾತ್ ಅದು ನೀನೇ ಆಗಿದ್ದರೆ, ಮೇಡಂಗೆ ಫೋನ್ ಮಾಡಿ ಮೊದಲು ಕ್ಷಮೆ ಕೇಳು, ಆಮೇಲೆ ಹಣ ಕೇಳು. ಇದನ್ನು ಫೋನಿನಲ್ಲೇ ಹೇಳೋಣ ಎಂದೆ. ಬೇಡ, ಅಂಚೆಯಲ್ಲೇ ಹೋಗಲಿ, ನಿಧಾನವಾಗಿ ತಲುಪಲಿ ಎಂದರು ಅತ್ತಿಗೆ.