ಷಟರಿನ ಈಚೆಯಿಂದ

ನನ್ನ ಹಟಮಾರಿ ಅಮ್ಮನಿಗೆ,

ಒಂದೇ ಮನೆಯಲ್ಲಿದ್ದುಕೊಂಡು ಅಡುಗೆಮನೆಯಿಂದ ನಡುಮನೆಗೆ ಕಾಗದ ಬರೆಯುವ ಗತಿ ಬಂತಲ್ಲ ನನಗೆ! ಆಸ್ಪತ್ರೆಯಿಂದ ಬಂದಾಗಿನಿಂದ ನೀನು ನನ್ನ ಜೊತೆ ಮಾತು ಬಿಟ್ಟಿದ್ದೀಯ. ತಟ್ಟೆ ಇಟ್ಟರೆ ಊಟ ಮಾಡುತ್ತೀಯ, ಮಾತ್ರೆ ಕೊಟ್ಟರೆ ನುಂಗುತ್ತೀಯ, ಮುಖ ಮಾತ್ರ ಗೋಡೆ ಕಡೆಗೆ. ಆ ವೆಲ್ಡಿಂಗ್ ಮೇಸ್ತ್ರಿ ಬಂದರೆ ಮಾತ್ರ ಕೂರಿಸಿ, ಟೀ ಕೊಟ್ಟು, ಗಂಟೆಗಟ್ಟಲೆ ಹರಟುತ್ತೀಯ. ಹೊಟ್ಟೆ ಉರಿಯುತ್ತದಮ್ಮ. ಆವತ್ತು ನೀನು ನಮ್ಮ ಪೇಂಟ್ ಅಂಗಡಿಯ ಷಟರಿನ ಆಚೆಗಿದ್ದೆ, ಈಚೆಗೆ ಏನಾಯಿತೆಂದು ನಿನಗೆ ಗೊತ್ತಿಲ್ಲ. ನಾನು ಕೂಗಿದ ಕೊನೆಯ ಮಾತು ನಿನಗೆ ಕೇಳಿಸಿತೋ, ಅಷ್ಟರಲ್ಲಿ ನಿನಗೆ ಎಚ್ಚರ ತಪ್ಪಿತ್ತೋ, ಅದು ನನಗೆ ಗೊತ್ತಿಲ್ಲ. ಅದೊಂದು ತಿಳಿಯಬೇಕೆಂದೇ ಈ ಕಾಗದ.

ಷಟರ್ ರಿಪೇರಿಗೆ ಆ ಮೇಸ್ತ್ರಿಯನ್ನು ಕರೆಸಬೇಡ ಎಂದು ನಾನು ಬಡಕೊಂಡಿದ್ದೆ. ಇಡೀ ಬೀದಿ ಅವನನ್ನು ‘ನಾಳೆ ಮೇಸ್ತ್ರಿ’ ಎಂದೇ ಕರೆಯುತ್ತದೆ. ಯಾರ ಗೇಟಿಗಾದರೂ ಒಂದು ಹೊತ್ತು ಕೆಲಸ ಮಾಡಿ, ಮಿಕ್ಕಿದ್ದು ನಾಳೆ ಎಂದು ಸಾಮಾನು ಕಟ್ಟುವ ಆಸಾಮಿ. ಬಾಯಿ ಬಿಟ್ಟರೆ ಬಡಾಯಿ ಬೇರೆ. "ಅವನ ಬಾಯಿ ನಂಬಬೇಡ, ಕೈ ನಂಬು" ಅಂದೆ ನೀನು. ನಿನ್ನ ಮಾತಿಗೆ ಎದುರುಂಟೇ?

ಷಟರ್ ಸುತ್ತಿಕೊಳ್ಳುವ ಮೇಲಿನ ದಪ್ಪ ಕೊಳವೆಗೆ ಆಸರೆಯಾಗಿದ್ದ ಕಬ್ಬಿಣ ತುಕ್ಕು ಹಿಡಿದಿತ್ತು. ಅವನು ಹಳೆಯದನ್ನು ಕಿತ್ತು ಹೊಸದನ್ನು ಕೂರಿಸಿ, ಅಲ್ಲೊಂದು ಇಲ್ಲೊಂದು ಬೆಸುಗೆಯ ಚುಕ್ಕಿ ಇಟ್ಟ. ಅವರ ಭಾಷೆಯಲ್ಲಿ ಅದು ಟ್ಯಾಕ್ ಹಾಕುವುದು. ನೆಟ್ಟಗೆ ಕೂತಿದೆ ಎಂದು ಖಾತ್ರಿಯಾದ ಮೇಲೆ ಪೂರ್ತಿ ಬೆಸೆಯಬೇಕು. ಅಲ್ಲಿಯವರೆಗೆ ಅದಕ್ಕೊಂದು ಕೆಂಪು ಬಟ್ಟೆ ಕಟ್ಟುವುದು ಅವನ ರೂಢಿ. ಬಟ್ಟೆ ಇರುವ ತನಕ ಯಾರೂ ಮುಟ್ಟುವ ಹಾಗಿಲ್ಲ. ಷಟರಿನ ಹಿಡಿಗೆ ಬಟ್ಟೆ ಬಿಗಿದು, "ಈ ಸಲ ನಾಳೆ ಅಲ್ಲಮ್ಮಾ, ಊಟ ಮಾಡಿ ಬಂದೇ ಬಿಟ್ಟೆ ಅಂತ ತಿಳ್ಕೊಳ್ಳಿ" ಎಂದು ನಗುತ್ತ ಹೋದನಂತೆ.

ಆಮೇಲೆ ನಾನು ನಿನಗೆ ಊಟದ ಡಬ್ಬಿ ತಂದುಕೊಟ್ಟೆ. "ನೀನು ಮೇಲೆ ಹೋಗು, ನಂಗೆ ಪೇಂಟ್ ಡಬ್ಬಿ ಜೋಡಿಸೋದಿದೆ" ಎಂದು ಎಂದಿನಂತೆ ನನ್ನನ್ನು ಓಡಿಸಿದೆ. ನಾನು ಲಂಗದ ಹುಡುಗಿಯಾಗಿದ್ದಾಗಿನಿಂದಲೂ ಇದೇ ಕಥೆ. ಮಧ್ಯಾಹ್ನವಾದರೆ ಷಟರ್ ಎಳೆದುಕೊಂಡು ಒಬ್ಬಳೇ ಒಳಗಿರುತ್ತೀಯ, ಯಾರನ್ನೂ ಬಿಟ್ಟುಕೊಳ್ಳುವುದಿಲ್ಲ. ಅದೆಂಥ ಡಬ್ಬಿಗಳೋ, ಇಷ್ಟು ವರ್ಷ ಜೋಡಿಸಿದರೂ ಮುಗಿಯಲಿಲ್ಲ ಎಂದು ಗೊಣಗುತ್ತ ನಾನು ಅಂಗಡಿ ಮೇಲಿನ ನಮ್ಮ ಮನೆಯ ಮೆಟ್ಟಿಲು ಹತ್ತುತ್ತಿದ್ದೆ. ಆಗ ಕೆಳಗೆ ದಡಾರೆಂಬ ಸದ್ದು ಕೇಳಿತು.

ಕೊಳವೆ ಕಳಚಿ ಒಳಕ್ಕೆ ಬಿದ್ದಿತ್ತು. ಷಟರ್ ಸೊಟ್ಟಗೆ ಕುಸಿದು ಎರಡೂ ಕಡೆ ಕಚ್ಚಿಕೊಂಡಿತ್ತು. ಕೆಳಗೆ ಕೈ ತೂರುವಷ್ಟು ಸಂದು, ಅಷ್ಟೇ. ನಮ್ಮ ಅಂಗಡಿಗೆ ಇನ್ನೊಂದು ಬಾಗಿಲಿಲ್ಲ. "ನಂಗೇನೂ ಆಗಿಲ್ಲ, ಊರೆಲ್ಲ ಸೇರಿಸಬೇಡ" ಎಂದು ಒಳಗಿನಿಂದ ನೀನು ನನ್ನನ್ನೇ ಗದರಿದೆ. ಮೇಸ್ತ್ರಿ ಬಾಯಲ್ಲಿ ತುತ್ತು ಇಟ್ಟುಕೊಂಡೇ ಓಡಿ ಬಂದ. ಕೊಯ್ಯುವ ಮಷೀನಿನ ವೈರು ಸಿಕ್ಕಿಸುತ್ತಿದ್ದ ಹಾಗೇ ನೀನು ಕಿರುಚಿದೆ: "ಮಷೀನ್ ಹಚ್ಚಬೇಡ ಕಣೋ! ಥಿನ್ನರ್ ಕ್ಯಾನ್ ಒಡೆದು ನೆಲ ತುಂಬಾ ಹರಿದಿದೆ. ಒಂದು ಕಿಡಿ ಬಿದ್ರೆ ಬೀದಿನೇ ಹೋಗತ್ತೆ!"

ಅವನ ಮುಖ ನೀನು ನೋಡಬೇಕಿತ್ತು. ಬೆಂಕಿಯಿಂದಲೇ ಅನ್ನ ತಿನ್ನುವವನು, ಈಗ ಬೆಂಕಿ ಮುಟ್ಟುವ ಹಾಗಿಲ್ಲ. ಪಕ್ಕದ ಟೈರ್ ಅಂಗಡಿಯವನು ಅವನ ಕೊರಳಪಟ್ಟಿ ಹಿಡಿದು, "ಅರ್ಧ ಕೆಲಸ ಬಿಟ್ಟು ಉಣ್ಣೋಕೆ ಹೋಗಿದ್ಯಲ್ಲೋ" ಎಂದು ಜಗ್ಗಿದ. "ಬಟ್ಟೆ ಕಟ್ಟಿದ್ದೆ, ದೇವರಾಣೆ ಕಟ್ಟಿದ್ದೆ!" ಎಂದು ಮೇಸ್ತ್ರಿ ಬಾಯಿ ಬಡಿದುಕೊಂಡ. ಹಿಡಿಯಲ್ಲಿ ಬಟ್ಟೆ ಎಲ್ಲಿದೆ? ನಾನೂ ಅವನನ್ನು ಬಾಯಿಗೆ ಬಂದಂತೆ ಬೈದೆ. ಫೋನ್ ಮಾಡಿದರೆ ಅಗ್ನಿಶಾಮಕದವರು ಹೊರಟಿದ್ದೇವೆ ಎಂದರು, ಆದರೆ ಸಂದಿಯಿಂದ ಬರುವ ವಾಸನೆಗೆ ಹೊರಗಿದ್ದ ನಮಗೇ ತಲೆ ತಿರುಗುತ್ತಿತ್ತು.

ಕೊನೆಗೆ ಅವನು ಕೈಗರಗಸ ತಗೊಂಡ. ಷಟರ್ ಜಾರುವ ಪಕ್ಕದ ಪಟ್ಟಿಯನ್ನು ಕೊಯ್ದು ತೆಗೆದರೆ ತಗಡುಗಳನ್ನು ಒಂದೊಂದಾಗಿ ಎಳೆಯಬಹುದಂತೆ. "ನೀರು ಹುಯ್ತಾನೇ ಇರಿ, ಕಬ್ಬಿಣ ಬಿಸಿ ಆಗಬಾರದು" ಎಂದ. ಬೀದಿಯವರೆಲ್ಲ ಬಿಂದಿಗೆ, ಬಕೆಟ್ಟು ತಂದರು. ಗರಗಸ ಮಿಸುಕುವುದೇ ಕಾಣದು. ನನಗೋ ಅದನ್ನು ಅವನ ಕೈಯಿಂದ ಕಿತ್ತುಕೊಂಡು ನಾನೇ ಕೊಯ್ಯಬೇಕೆನ್ನುವಷ್ಟು ಸಂಕಟ.

ಅಷ್ಟರಲ್ಲಿ ನಿನ್ನ ದನಿ ತೊದಲತೊಡಗಿತು. "ನಿದ್ದೆ ಬರ್ತಿದೆ ಕಣೇ" ಅಂದೆ. "ಮಲಗೋಕೆ ಬಿಡಬೇಡಿ, ಮಾತಾಡಿಸ್ತಾನೇ ಇರಿ" ಎಂದು ಮೇಸ್ತ್ರಿ ತಲೆ ಎತ್ತದೆ ಕೂಗಿದ. ಅಮ್ಮಾ ಅಮ್ಮಾ ಎಂದು ಅತ್ತರೆ ನೀನು ಓಗೊಡಲಿಲ್ಲ. ನಿನ್ನನ್ನು ಬಲ್ಲೆನಲ್ಲ, ಅಳುವವರಿಗೆ ನೀನು ಉತ್ತರ ಕೊಡುವವಳಲ್ಲ, ತಪ್ಪು ಹೊರಿಸಿದರೆ ಮಾತ್ರ ಸುಮ್ಮನಿರುವವಳೂ ಅಲ್ಲ. ಅದಕ್ಕೇ ನಾನು ಜಗಳ ತೆಗೆದೆ. ಬೀದಿಗೆ ಬೀದಿಯೇ ಕೇಳುವಂತೆ, ನಿನ್ನ ಅಡುಗೆಗೆ ಉಪ್ಪೂ ಇಲ್ಲ ಹುಳಿಯೂ ಇಲ್ಲ ಎಂದೆ. "ನಿನ್ನ ನಾಲಿಗೆಗೆ ರೋಗ" ಎಂದು ಒಳಗಿನಿಂದ ಬಂತು. ಜೀವ ಬಂದಂತಾಯಿತು. ಅಕ್ಕನ ಮೇಲಿರುವ ಪ್ರೀತಿಯಲ್ಲಿ ಕಾಲುಭಾಗವೂ ನನ್ನ ಮೇಲಿಲ್ಲ ಎಂದೆ. "ಅವಳು ಹೇಳಿದ ಮಾತು ಕೇಳ್ತಾಳೆ" ಅಂದೆ ನೀನು. ನನ್ನ ಗಂಡುಬೀರಿತನಕ್ಕೆ ನೀನೇ ಕಾರಣ ಎಂದೆ. ನೀನು ಏನೋ ಗೊಣಗಿದೆ, ತಿಳಿಯಲಿಲ್ಲ. ನಾನು ಮತ್ತೆ ಕೂಗಿದೆ, ಉತ್ತರವಿಲ್ಲ. ಗರಗಸ ಇನ್ನೂ ಅರ್ಧದಲ್ಲೇ ಇತ್ತು.

ಆಗ ಬಂತಮ್ಮ ಬಾಯಿಗೆ ಆ ಮಾತು. "ಅಪ್ಪ ಸತ್ತಾಗ ನೀನು ಒಂದು ತೊಟ್ಟು ಕಣ್ಣೀರು ಹಾಕಲಿಲ್ಲ. ಮಾರನೇ ವಾರವೇ ಅಂಗಡಿ ತೆಗೆದು ಕೂತೆ. ಕರುಳೇ ಇಲ್ಲ ನಿನಗೆ!" ಎಂದು ಕಿರುಚಿದೆ. ಉಳಿದದ್ದೆಲ್ಲ ನಿನ್ನನ್ನು ಎಚ್ಚರವಿಡಲು ಕಟ್ಟಿದ ಮಾತು. ಇದು ಮಾತ್ರ ಕಟ್ಟಿದ್ದಲ್ಲ, ಚಿಕ್ಕಂದಿನಿಂದ ಒಳಗೇ ಕೊಳೆಯುತ್ತಿದ್ದದ್ದು. ಇದಕ್ಕೆ ನೀನು ಎದ್ದು ನಿಂತು ಉಗಿಯುತ್ತೀಯ ಎಂದುಕೊಂಡೆ. ಒಳಗೆ ಒಂದು ಸದ್ದೂ ಇಲ್ಲ.

ಪಟ್ಟಿ ಕಳಚಿತು. ತಗಡು ಎಳೆದರು. ಮೇಸ್ತ್ರಿ ಮೊದಲು ತೂರಿ ನಿನ್ನನ್ನು ಹೊರಗೆ ಎಳೆದುಕೊಂಡು ಬಂದ. ನಿನ್ನ ಮುಖ ಬಿಳಿಚಿತ್ತು, ಉಸಿರು ಇತ್ತು. ಮೂಗಿಗೆ ಒತ್ತಿಕೊಂಡಿದ್ದ ಬಟ್ಟೆ ಆ ಸ್ಥಿತಿಯಲ್ಲೂ ಕೈಯಿಂದ ಜಾರಿರಲಿಲ್ಲ. ಒದ್ದೆ ಬಟ್ಟೆ, ಕೆಂಪು ಬಣ್ಣದ್ದು. ಅಂಗಡಿಯ ಮುಂದೆ ಕೊಳಕು ಚಿಂದಿ ನೇತಾಡುವುದು ನಿನಗೆ ಆಗದು. ಬಿಚ್ಚಿ, ಒಗೆದು, ಡಬ್ಬಿ ಒರೆಸಲು ಇಟ್ಟುಕೊಂಡಿದ್ದೆ ಅಲ್ಲವೇ, ಮಹಾರಾಯ್ತಿ? "ನೋಡಿ ಸ್ವಾಮಿ, ನೋಡಿ, ಕಟ್ಟಿದ್ದೆ ಅಂದೆನಲ್ಲ!" ಎಂದು ಮೇಸ್ತ್ರಿ ಅದನ್ನು ಎತ್ತಿ ಎಲ್ಲರಿಗೂ ತೋರಿಸಿದ. ತೋರಿಸುತ್ತಲೇ ಚಿಕ್ಕ ಮಗುವಿನಂತೆ ಹೋ ಎಂದು ಅತ್ತ.

ಇಷ್ಟು ಬರೆದು ಪೆನ್ನು ಕೆಳಗಿಟ್ಟಿದ್ದೆ, ಕೇಳಿಸಿತೇ ಇಲ್ಲವೇ ಎಂದು ಕೊನೆಗೊಮ್ಮೆ ಕೇಳಿ ಮುಗಿಸೋಣವೆಂದು. ಅಷ್ಟರಲ್ಲಿ ಮೇಸ್ತ್ರಿ ನಿನ್ನ ಜೊತೆ ಹರಟೆ ಮುಗಿಸಿ, ಟೀ ಲೋಟ ಹಿಡಿದು ಅಡುಗೆಮನೆಗೆ ಬಂದ. ಅವನ ಬಾಯಿಯಂತೂ ನಿನಗೆ ಗೊತ್ತು, ಬೀಗವಿಲ್ಲದ ಮನೆ. ಹೊಸ ಷಟರಿನ ಕೆಲಸಕ್ಕೆ ನೀನು ಯಾಕೆ ಇಷ್ಟು ಅವಸರ ಮಾಡುತ್ತೀಯ ಎಂದು ಅವನು ಕೇಳಿದನಂತೆ. ನೀನು ಹೇಳಿದ್ದನ್ನು ಹಾಗೆಯೇ ಒಪ್ಪಿಸಿದ: "ಅವರಪ್ಪ ಹೋದಾಗ ನನ್ನ ಚಿಕ್ಕ ಮಗಳಿನ್ನೂ ಕೂಸು ಕಣಪ್ಪ. ಅವಳೆದುರು ನಾನು ಅತ್ತಿದ್ರೆ ಅವಳನ್ನ ಸಮಾಧಾನ ಮಾಡೋರು ಯಾರು? ಅದಕ್ಕೇ ಷಟರ್ ಎಳ್ಕೊಂಡು ಅಳ್ತಿದ್ದೆ. ಈಗಲೂ ಒಂದೊಂದು ದಿನ ಬೇಕಾಗತ್ತೆ."

ನಾನು ಕೂಗಿದ ಆ ಮಾತಿಗೇ ಕೊಟ್ಟ ಉತ್ತರ ಇದು. ಅಂದರೆ ಕೇಳಿಸಿತ್ತು ನಿನಗೆ. ಎಚ್ಚರವಾಗಿಯೇ ಕೇಳಿಸಿಕೊಂಡು, ಉತ್ತರ ಕೊಡದೆ ಆ ಕತ್ತಲಲ್ಲಿ ಕೂತಿದ್ದೆ. ನಾನು ಲೋಟ ತೊಳೆಯುವ ನೆಪದಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ನಾನೂ ನಿನ್ನ ಮಗಳೇ, ನೋಡು.

ನನ್ನದು ತಪ್ಪಾಯಿತಮ್ಮ. ಮಾತಾಡಬೇಡ ಬೇಕಾದರೆ, ಬೈ. ಹೊಸ ಷಟರನ್ನು ಹೊರಗಿನಿಂದಲೂ ತೆಗೆಯಲು ಬರುವಂತೆ ಮಾಡಲು ಮೇಸ್ತ್ರಿಗೆ ಹೇಳಿದ್ದೇನೆ. ನಾಳೆಯೇ ಕೂರಿಸುತ್ತಾನಂತೆ, ನಂಬುವವರು ನಂಬಲಿ. ಅವನು ಕಟ್ಟುವ ಬಟ್ಟೆಯನ್ನು ಮಾತ್ರ ದಮ್ಮಯ್ಯ, ಬಿಚ್ಚಬೇಡ.

ಆಮೇಲೆ ಯಾವತ್ತಾದರೂ ಮಧ್ಯಾಹ್ನ ಡಬ್ಬಿ ಜೋಡಿಸುವುದಿದ್ದರೆ, ಷಟರ್ ಎಳೆಯುವ ಮುಂಚೆ ನನ್ನನ್ನೂ ಒಳಗೆ ಕರೆದುಕೋ.

ನೂರು ವರ್ಷ ಬಾಳಿ ನನ್ನನ್ನು ಬೈಯುತ್ತಿರು.

ಗೋಡೆಯ ಈ ಪಕ್ಕದಲ್ಲಿ ಕಾಯುತ್ತಿರುವ,
ನಿನ್ನ ಗಂಡುಬೀರಿ