ಶುಗರ್ ಎಷ್ಟು ಬಂತು?

ಅಮ್ಮಾ,

ನೀನು ಹೋಗಿ ಒಂದು ತಿಂಗಳಾಯಿತು. ಇವತ್ತು ನಿನ್ನ ಬೀರು ತೆಗೆದೆ. ನೀನು ಆನ್‌ಲೈನಿನಲ್ಲಿ ಅರ್ಧ ಬೆಲೆಗೆ ತರಿಸಿದ್ದ, ಶುಗರ್ ನೋಡುವ ಸ್ಟ್ರಿಪ್‌ಗಳ ಡಬ್ಬಿಗಳು ಇನ್ನೂ ಆರು ಇದ್ದವು. ಮೇಲಿನ ಚೀಟಿ ಕಿತ್ತರೆ ಅಡಿಯಲ್ಲಿ ಬೇರೆ ತಾರೀಕು. ಅವಧಿ ಮುಗಿದು ಮೂರು ವರ್ಷವಾಗಿದೆ. ಅವು ತೋರಿಸಿದ ಅಂಕಿ ನಂಬಿ ನೀನು ಇನ್ಸುಲಿನ್ ಕಡಿಮೆ ಮಾಡಿಕೊಂಡಿದ್ದೆ.

ಅಷ್ಟರಲ್ಲಿ, ತಿಂಗಳಿಂದ ಆಫ್ ಆಗಿದ್ದು ಇವತ್ತೇ ಚಾರ್ಜ್‌ಗೆ ಹಾಕಿದ್ದ ನಿನ್ನ ಮೊಬೈಲು ಬಡಿದುಕೊಂಡಿತು. ಆ ಡಬ್ಬಿ ಮಾರಿದವನೇ, ವಾರವಾರ ನಿನ್ನನ್ನು ವಿಚಾರಿಸುತ್ತಿದ್ದವನು. ನನ್ನ ದನಿಯನ್ನು ನಿನ್ನದೆಂದುಕೊಂಡ.

"ಹೇಗಿದೀರಮ್ಮ? ಈ ವಾರ ಶುಗರ್ ಎಷ್ಟು ಬಂತು?"

ಬೈಯಬೇಕಿತ್ತು. ಆದರೆ ವಾರವಾರ ನಾನೂ ಫೋನ್ ಮಾಡುತ್ತಿದ್ದೆ. ಊಟ ಆಯ್ತಾ ಎಂದು ಕೇಳಿ ಇಟ್ಟುಬಿಡುತ್ತಿದ್ದೆ.

ನೀನು ಶುಗರ್ ಬರೆದಿಡುತ್ತಿದ್ದ ಪುಸ್ತಕ ತೆರೆದು, ನಿನ್ನನ್ನು ಆಸ್ಪತ್ರೆಗೆ ಸೇರಿಸಿದ ದಿನ ಆ ಸ್ಟ್ರಿಪ್ ತೋರಿಸಿದ್ದ ಅಂಕಿ ಓದಿದೆ.

"ನೂರ ಹನ್ನೆರಡು."

"ತುಂಬಾ ಚೆನ್ನಾಗಿದೆ ಅಮ್ಮ," ಎಂದ. "ಹೀಗೇ ನೋಡ್ಕೊಳ್ಳಿ."